ಪ್ರಬಂಧಕ್ಕೆ ಎಐ: ಯಾವ ಕೆಲಸದಲ್ಲಿ ಪಾಸು, ಯಾವುದರಲ್ಲಿ ಫೇಲು

ಕಾಲೇಜಿನ ಸಂಶೋಧನಾ ಪ್ರಬಂಧಕ್ಕೆ ಯಾವ ಎಐ ಸೇವೆ ಒಳ್ಳೆಯದು ಎಂದು ಕೇಳುವವರಿಗೆ ಒಂದೇ ಹೆಸರು ಹೇಳಿ ಮುಗಿಸಲು ಬರುವುದಿಲ್ಲ. ಅದೇ ಚಾಟ್‌ಜಿಪಿಟಿ ನಿಮ್ಮ ಕರಡಿನ ವಾದ ಎಲ್ಲಿ ಸಡಿಲವಾಗಿದೆ ಎಂದು ಸರಿಯಾಗಿ ಬೆರಳಿಟ್ಟು ತೋರಿಸುತ್ತದೆ; ಮರುಕ್ಷಣ, ಎಲ್ಲೂ ಪ್ರಕಟವಾಗದ ಲೇಖನವೊಂದಕ್ಕೆ ಲೇಖಕರು, ವರ್ಷ, ಸಂಪುಟ, ಪುಟಸಂಖ್ಯೆ ಎಲ್ಲ ಜೋಡಿಸಿ ಕೈಗಿಡುತ್ತದೆ. ಹಾಗಾಗಿ ಇಲ್ಲಿ ಅಂಕ ಕೊಟ್ಟಿರುವುದು ಕೆಲಸಗಳಿಗೆ. ಚಾಟ್‌ಜಿಪಿಟಿ, ಜೆಮಿನೈ, ಕ್ಲಾಡ್‌ನಂಥ ಸಾಮಾನ್ಯ ಚಾಟ್‌ಬಾಟ್‌ಗಳು, ಗೂಗಲ್‌ನ ನೋಟ್‌ಬುಕ್‌ಎಲ್‌ಎಂ, ಎಲಿಸಿಟ್‌ನಂಥ ಲೇಖನ ಹುಡುಕುವ ಸೇವೆಗಳು, ಎಐ ಬರೆದದ್ದನ್ನು ಹಿಡಿಯುತ್ತೇವೆ ಎನ್ನುವ ಪತ್ತೆ ತಂತ್ರಾಂಶಗಳು ಎಲ್ಲವೂ ಇದರೊಳಗೆ ಬರುತ್ತವೆ.

ಅಳತೆಗೋಲು ಒಂದೇ. ನೀವು ಮುಂದಿಟ್ಟ ಪುಟದ ಮೇಲೆ ಅದು ಕೆಲಸ ಮಾಡುತ್ತಿದೆಯೋ, ತನ್ನ ನೆನಪಿನಿಂದ ಹೇಳುತ್ತಿದೆಯೋ? ಪುಟ ಮುಂದಿದ್ದರೆ ಹೇಳಿದ್ದನ್ನು ಅದಕ್ಕೇ ಹಿಡಿದು ತಾಳೆ ನೋಡಬಹುದು. ಬರೀ ನೆನಪಿನಿಂದ ಹೇಳಿಸಿದರೆ ತಾಳೆ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಪ್ರಬಂಧದಲ್ಲಿ ಎಐನಿಂದ ಆಗುವ ಎಡವಟ್ಟುಗಳಲ್ಲಿ ಬಹುಪಾಲು ಈ ಎರಡರ ಗಡಿ ಮರೆತಾಗಲೇ ಆಗುತ್ತವೆ.

ಉಲ್ಲೇಖ ಕೊಡು ಎಂದು ಕೇಳುವುದು: ಫೇಲು

"ಈ ವಿಷಯದ ಮೇಲೆ ಹತ್ತು ಲೇಖನಗಳ ಪಟ್ಟಿ ಕೊಡು" ಎಂದಾಗ, ಅಂತರ್ಜಾಲ ಹುಡುಕದೆ ಉತ್ತರಿಸುವ ಚಾಟ್‌ಬಾಟ್ ಯಾವ ಸೂಚಿಯನ್ನೂ ತೆರೆದು ನೋಡುವುದಿಲ್ಲ. ಇಂಥ ತುಣುಕಿನ ನಂತರ ಇಂಥದ್ದು ಬರುವ ಸಾಧ್ಯತೆ ಹೆಚ್ಚು ಎಂಬ ಲೆಕ್ಕದಲ್ಲಿ ಪದಗಳನ್ನು ಪೋಣಿಸುತ್ತಾ ಹೋಗುತ್ತದೆ. ಆ ಕ್ಷೇತ್ರದಲ್ಲಿ ನಿಜವಾಗಿ ಬರೆಯುವವರ ಹೆಸರು, ನಿಜವಾಗಿ ಇರುವ ನಿಯತಕಾಲಿಕ, ನಂಬುವಂಥ ಶೀರ್ಷಿಕೆ. ಬಿಡಿಭಾಗಗಳೆಲ್ಲ ಅಸಲಿ, ಜೋಡಣೆ ಮಾತ್ರ ನಕಲಿ. ಅದಕ್ಕೇ ಅನುಭವಿಗಳ ಕಣ್ಣಿಗೂ ಚಟ್ಟನೆ ಬೀಳುವುದಿಲ್ಲ. 2023ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 42 ವಿಷಯಗಳ ಮೇಲೆ ಚಾಟ್‌ಜಿಪಿಟಿಯಿಂದ ಪ್ರಬಂಧ ಬರೆಸಿ ಉಲ್ಲೇಖಗಳನ್ನೆಲ್ಲ ಪರಿಶೀಲಿಸಿತು. ಚಾಟ್‌ಜಿಪಿಟಿಯ ಹಿಂದಿನ ಎರಡು ಮಾದರಿಗಳಲ್ಲಿ, ಜಿಪಿಟಿ-3.5 ಕೊಟ್ಟವುಗಳಲ್ಲಿ ಶೇ 55, ಜಿಪಿಟಿ-4 ಕೊಟ್ಟವುಗಳಲ್ಲಿ ಶೇ 18 ಕಟ್ಟುಕತೆ. ಅಸಲಿ ಲೇಖನಗಳನ್ನು ಹೇಳಿದ ಕಡೆಯೂ ಕ್ರಮವಾಗಿ ಶೇ 43 ಮತ್ತು ಶೇ 24ರಷ್ಟು ಉಲ್ಲೇಖಗಳಲ್ಲಿ ದೊಡ್ಡ ತಪ್ಪುಗಳಿದ್ದವು.

ಈಗಿನ ಮಾದರಿಗಳು ಅಂತರ್ಜಾಲ ಹುಡುಕಿ ಕೊಂಡಿ ಕೊಡುತ್ತವೆ ನಿಜ. ಅಲ್ಲಿ ಹೊಸ ತೊಡಕು ಶುರು: ಕೊಂಡಿ ತೆರೆಯುತ್ತದೆ, ಲೇಖನವೂ ಇದೆ, ಆದರೆ ಚಾಟ್‌ಬಾಟ್ ಅದರ ತಲೆಗೆ ಕಟ್ಟಿದ ಮಾತು ಅದರಲ್ಲಿಲ್ಲ. ಇದು ಪೂರ್ತಿ ಕಟ್ಟುಕತೆಗಿಂತ ಅಪಾಯಕಾರಿ, ಏಕೆಂದರೆ ಲೇಖನ ಇದೆ ಎಂದು ಖಾತ್ರಿಯಾದ ಮೇಲೆ ಅದನ್ನು ಓದುವ ತೊಂದರೆ ತೆಗೆದುಕೊಳ್ಳುವವರು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನದೆ ಊಹಿಸುವ ಚಾಳಿಗೆ ಕಾರಣವೇನು ಎಂದು ಚಾಟ್‌ಜಿಪಿಟಿ ತಯಾರಿಸುವ ಓಪನ್‌ಎಐ ಸಂಶೋಧಕರೇ 2025ರ ಸೆಪ್ಟೆಂಬರ್‌ನಲ್ಲಿ ವಿವರಿಸಿದ್ದಾರೆ. ತರಬೇತಿ ಮತ್ತು ಪರೀಕ್ಷೆಗಳಲ್ಲಿ ಊಹೆ ಸರಿಯಾದರೆ ಅಂಕ ಸಿಗುತ್ತದೆ, ಗೊತ್ತಿಲ್ಲ ಎಂದರೆ ಸೊನ್ನೆ. ಬಹುಆಯ್ಕೆ ಪರೀಕ್ಷೆ ಬರೆದ ಯಾರಿಗಾದರೂ ಈ ತರ್ಕ ಅರ್ಥವಾಗುತ್ತದೆ.

ಹಾಗಾಗಿ ಎಐ ಬಾಯಿಂದ ಬಂದ ಪ್ರತಿ ಉಲ್ಲೇಖವನ್ನೂ ಹೀಗೆ ಪರೀಕ್ಷಿಸಬೇಕು. ಪ್ರಕಟವಾದ ಲೇಖನಕ್ಕೆ ಕೊಡುವ ಶಾಶ್ವತ ಗುರುತು ಸಂಖ್ಯೆಯೇ ಡಿಒಐ. ಅದು 10 ಮತ್ತು ಒಂದು ಚುಕ್ಕಿಯಿಂದ ಶುರುವಾಗುತ್ತದೆ, ನಂತರ ಪ್ರಕಾಶಕರ ಸಂಖ್ಯೆ, ಓರೆಗೆರೆ, ಆಮೇಲೆ ಲೇಖನದ ಗುರುತು. ಅದನ್ನು ಡಿಒಐ ಫೌಂಡೇಶನ್‌ನ ಜಾಲತಾಣದ ಪೆಟ್ಟಿಗೆಗೆ ಹಾಕಿ. ಸಿಗಲಿಲ್ಲ ಎಂದು ಬಂದರೆ ಕತೆ ಅಲ್ಲಿಗೇ ಮುಗಿಯಿತು. ಬೇರೆ ಯಾವುದೋ ಲೇಖನ ತೆರೆದುಕೊಂಡರೂ ಅಷ್ಟೇ. ಇದು ಬಹಳ ಸಾಮಾನ್ಯ, ಏಕೆಂದರೆ ನಿಜವಾದ ಸಂಖ್ಯೆಯಂತೆ ಕಾಣುವುದನ್ನು ಹೊಸೆಯುವಾಗ ಅದು ಇನ್ನೊಬ್ಬರ ಲೇಖನದ ಸಂಖ್ಯೆಗೇ ತಾಗಬಹುದು. ಡಿಒಐ ಕೊಡದಿದ್ದರೆ ಪೂರ್ತಿ ಶೀರ್ಷಿಕೆಯನ್ನು ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್‌ನ ಜಾಲತಾಣದಲ್ಲಿ ಹುಡುಕಿ. ಅಲ್ಲೂ ಅನುಮಾನ ಉಳಿದರೆ ನಿಯತಕಾಲಿಕದ ಆ ಸಂಪುಟ, ಆ ಸಂಚಿಕೆಯ ವಿಷಯಸೂಚಿ ತೆರೆದು, ಹೇಳಿದ ಪುಟಗಳಲ್ಲಿ ಏನಿದೆ ನೋಡಿ. ಉಲ್ಲೇಖ ನಕಲಿಯಾಗಿದ್ದರೆ ಅಲ್ಲಿ ಬೇರೆ ಲೇಖನ ಕೂತಿರುತ್ತದೆ. ಕೊನೆಗೆ, ನೀವು ಉದ್ಧರಿಸಲಿರುವ ಮಾತು ಇರುವ ಪುಟವನ್ನು ಕಣ್ಣಾರೆ ಓದಿ. ಲೇಖನದ ಮೊದಲಿಗೆ ಬರುವ ಸಾರಲೇಖ ಓದಿದರೆ ಸಾಲದು.

ಪರೀಕ್ಷೆಯನ್ನು ಅದೇ ಚಾಟ್‌ಬಾಟಿಗೆ ವಹಿಸಬೇಡಿ. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ ಆದದ್ದು ಇದೇ. ಚಾಟ್‌ಜಿಪಿಟಿ ಹುಟ್ಟಿಸಿದ ತೀರ್ಪುಗಳನ್ನು ವಕೀಲರು ಅರ್ಜಿಯಲ್ಲಿ ಉಲ್ಲೇಖಿಸಿದ್ದರು. ಈ ಪ್ರಕರಣಗಳು ನಿಜವೇ ಎಂದು ಚಾಟ್‌ಜಿಪಿಟಿಯನ್ನೇ ಕೇಳಿದ್ದರು, ಅದು ಹೌದು ಎಂದಿತ್ತು. 5,000 ಡಾಲರ್ ದಂಡ ಬಿತ್ತು.

ಉಲ್ಲೇಖ ಸಂಗ್ರಹಕ್ಕೆ ಎಐ ಬೇಕಾಗಿಯೇ ಇಲ್ಲ ಎಂಬುದು ನಮ್ಮ ತೀರ್ಪು. ಝೋಟೆರೊ ಎಂಬ ಮುಕ್ತ ತಂತ್ರಾಂಶ 2006ರಿಂದ ಇದೆ. ಅದರಲ್ಲಿ ಮಂತ್ರದಂಡದ ಚಿಹ್ನೆಯ ಗುಂಡಿ ಒತ್ತಿ ಡಿಒಐ ಹಾಕಿದರೆ ಲೇಖಕರು, ವರ್ಷ, ಪುಟ ಎಲ್ಲ ನೋಂದಣಿ ದಾಖಲೆಯಿಂದಲೇ ಬರುತ್ತವೆ. ಪ್ರಕಟವಾದ ಮೇಲೆ ಹಿಂತೆಗೆದ ಲೇಖನವಾಗಿದ್ದರೆ, ಅಂಥವುಗಳ ಲೆಕ್ಕ ಇಡುವ ರಿಟ್ರಾಕ್ಷನ್ ವಾಚ್ ದತ್ತಾಂಶದ ಆಧಾರದಲ್ಲಿ ಕೆಂಪು ಪಟ್ಟಿ ತೋರಿಸಿ ಎಚ್ಚರಿಸುತ್ತದೆ. ಚಾಟ್‌ಬಾಟ್ ಅಂದವಾಗಿ ಜೋಡಿಸಿಕೊಟ್ಟ ಗ್ರಂಥಸೂಚಿಯ ಸಾಲನ್ನು ಅಂಟಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಎಲಿಸಿಟ್, ಕನ್ಸೆನ್ಸಸ್, ಸೆಮ್ಯಾಂಟಿಕ್ ಸ್ಕಾಲರ್‌ಗಳನ್ನು ಮಾತ್ರ ಬೇರೆ ಸಾಲಿನಲ್ಲಿ ಕೂರಿಸಬೇಕು. ಇವು ನಿಜವಾದ ಲೇಖನಗಳ ಭಂಡಾರದಲ್ಲಿ ಹುಡುಕುತ್ತವೆ, ಆದ್ದರಿಂದ ಇಲ್ಲದ ಲೇಖನ ಸಿಗುವ ಭಯ ಕಡಿಮೆ. ಎಲಿಸಿಟ್ ಹಲವು ಲೇಖನಗಳಿಂದ ಮಾದರಿ ಗಾತ್ರ (ಎಷ್ಟು ಮಂದಿಯನ್ನು ಅಧ್ಯಯನ ಮಾಡಿದರು), ವಿಧಾನ, ಫಲಿತಾಂಶ ಆರಿಸಿ ಕೋಷ್ಟಕ ಮಾಡಿಕೊಡುವುದು ಮೊದಲ ಸುತ್ತಿನ ಜರಡಿಗೆ ಚೆನ್ನಾಗಿದೆ. ಕೊರತೆ ಏನೆಂದರೆ, ಚಂದಾ ಗೋಡೆಯ ಹಿಂದಿರುವ ಲೇಖನಗಳ ವಿಷಯದಲ್ಲಿ ಇವುಗಳ ಕೈಗೆ ಸಿಗುವುದು ಹೆಚ್ಚಾಗಿ ಸಾರಲೇಖ ಮಾತ್ರ. ಮಿತಿಗಳು, ಅಪವಾದಗಳು ಇರುವುದು ಒಳಗಿನ ಪುಟಗಳಲ್ಲಿ. ಪಾಸು, ಆದರೆ ಗ್ರಂಥಾಲಯದ ದತ್ತಸಂಚಯಕ್ಕೆ ಬದಲಿ ಅಲ್ಲ.

ನೀವೇ ಕೊಟ್ಟ ಆಕರಗಳನ್ನು ಓದಿಸುವುದು: ಪಾಸು, ಷರತ್ತುಗಳೊಂದಿಗೆ

ನೋಟ್‌ಬುಕ್‌ಎಲ್‌ಎಂ ಈ ಕೆಲಸಕ್ಕೆಂದೇ ಹುಟ್ಟಿದ್ದು. ಪಿಡಿಎಫ್‌ಗಳನ್ನು ಏರಿಸಿದರೆ ಅವುಗಳ ಆಧಾರದಲ್ಲೇ ಉತ್ತರಿಸುತ್ತದೆ. ಪ್ರತಿ ಮಾತಿನ ಪಕ್ಕ ಒಂದು ಅಂಕಿ ಇರುತ್ತದೆ. ಅದನ್ನು ಒತ್ತಿದರೆ ಮೂಲದ ಆ ಭಾಗವೇ ತೆರೆದುಕೊಳ್ಳುತ್ತದೆ. ಈ ಒಂದು ಅನುಕೂಲಕ್ಕೇ ಇದು ಸಾಮಾನ್ಯ ಚಾಟ್‌ಬಾಟ್‌ಗಳಿಗಿಂತ ಪ್ರಬಂಧಕ್ಕೆ ಯೋಗ್ಯ. "ಈ ಮೂರು ಲೇಖನಗಳು ಒಂದೇ ಪದವನ್ನು ಬೇರೆಬೇರೆ ಅರ್ಥದಲ್ಲಿ ಬಳಸಿವೆಯೇ? ಪ್ರತಿಯೊಂದರಿಂದ ವ್ಯಾಖ್ಯೆಯ ವಾಕ್ಯವನ್ನು ಹಾಗೇ ತೆಗೆದುಕೊಡು" ಎಂಬಂಥ ಪ್ರಶ್ನೆಗೆ ಇದರ ಉತ್ತರ ಒಂದು ಮಧ್ಯಾಹ್ನದ ಕೆಲಸ ಉಳಿಸುತ್ತದೆ. "ಸಾರಾಂಶ ಕೊಡು" ಎಂಬ ಸಪ್ಪೆ ಪ್ರಶ್ನೆಗೆ ಸಪ್ಪೆ ಉತ್ತರವೇ.

ಎಲ್ಲಿ ಕೆಡುತ್ತದೆ? ಹಳೆಯ ಪುಸ್ತಕದ ಸ್ಕ್ಯಾನ್ ಪ್ರತಿಯಲ್ಲಿ ಅಕ್ಷರಗಳು ಬರೀ ಚಿತ್ರವಾಗಿದ್ದರೆ, ಅಥವಾ ಅಕ್ಷರ ಗುರುತಿಸುವ ಹಂತ ಕೆಟ್ಟಿದ್ದರೆ, ಅದು ಓದಿದ್ದೇ ಬೇರೆ. ಪಿಡಿಎಫ್‌ನಲ್ಲಿ ಒಂದು ಪ್ಯಾರಾ ಆರಿಸಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಅಲ್ಲಿ ಕಲಸುಮೇಲೋಗರ ಬಂದರೆ ಎಐಗೂ ಬಹುತೇಕ ಅದೇ ಗತಿ. ಎರಡು ಅಂಕಣದ ಪುಟಗಳು ವಿಶೇಷವಾಗಿ ಮೋಸ ಮಾಡುತ್ತವೆ. "ವೆಜಿಟೇಟಿವ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿ" ಎಂಬ ಅರ್ಥವೇ ಇಲ್ಲದ ಪದಗುಚ್ಛ ಹತ್ತಾರು ಪ್ರಕಟಿತ ಲೇಖನಗಳಲ್ಲಿ ಸೇರಿಕೊಂಡಿದೆ. ಅದರ ಜಾಡು ಹಿಡಿದವರು ತಲುಪಿದ್ದು 1950ರ ದಶಕದ ಲೇಖನಗಳ ಸ್ಕ್ಯಾನಿಗೆ: ಒಂದು ಅಂಕಣದಲ್ಲಿದ್ದ "ವೆಜಿಟೇಟಿವ್" ಪಕ್ಕದ ಅಂಕಣದ "ಎಲೆಕ್ಟ್ರಾನ್ ಮೈಕ್ರೋಸ್ಕೋಪಿ"ಗೆ ಅಂಟಿಕೊಂಡಿತ್ತು. ಭಾಷಾ ಮಾದರಿಗಳು ಅದನ್ನೂ ನುಂಗಿ ಮತ್ತೆ ಉಗುಳುತ್ತಿವೆ. ಕೋಷ್ಟಕಗಳ ವಿಷಯದಲ್ಲೂ ಹೀಗೇ. ಯಾವ ಸಂಖ್ಯೆ ಯಾವ ಸಾಲಿನದು ಎಂಬುದು ಪಠ್ಯವಾಗಿ ಚಪ್ಪಟೆಯಾದಾಗ ತಪ್ಪಿಹೋಗುತ್ತದೆ. ಕೋಷ್ಟಕದ ಸಂಖ್ಯೆಯನ್ನು ಎಐ ಹೇಳಿದಂತೆ ಎಂದೂ ಬರೆದುಕೊಳ್ಳಬೇಡಿ.

ಇನ್ನೊಂದು ಮಿತಿ ಕಣ್ಣಿಗೆ ಕಾಣದ್ದು. ನೀವು ಕೊಟ್ಟದ್ದರೊಳಗೇ ಅದು ಉತ್ತರ ಕಟ್ಟುವುದರಿಂದ, ನೀವು ಸೇರಿಸಲು ಮರೆತ ಮುಖ್ಯ ಲೇಖನ ಈ ಲೋಕದಲ್ಲೇ ಇಲ್ಲವೆಂಬಂತೆ ಮಾತಾಡುತ್ತದೆ. "ಈ ಬಗ್ಗೆ ಸಂಶೋಧನೆ ನಡೆದಿಲ್ಲ" ಎಂದು ಅದು ಹೇಳಿದರೆ, ನಿಮ್ಮ ಕಡತದಲ್ಲಿ ಇಲ್ಲ ಎಂದಷ್ಟೇ ಅರ್ಥ.

ಸ್ವಂತ ಕರಡನ್ನು ತಿದ್ದಿಸುವುದು: ಒಳ್ಳೆಯ ಅಂಕ, ಆದರೆ ಒಂದು ಕಡೆ ಜಾರುಬಂಡೆ

ಸಾಮಾನ್ಯ ಚಾಟ್‌ಬಾಟ್‌ಗಳು ನಿಜವಾಗಿ ಮಿಂಚುವುದು ಇಲ್ಲಿ. ಬರೆದು ಮುಗಿಸಿದ ಅಧ್ಯಾಯವನ್ನು ಕೊಟ್ಟು, "ಒಂದು ವಾಕ್ಯವನ್ನೂ ಬದಲಿಸಬೇಡ. ಪ್ರತಿ ಪ್ಯಾರಾದ ಮುಖ್ಯ ವಾದವನ್ನು ಒಂದು ಸಾಲಿನಲ್ಲಿ ಬರೆ. ಪುರಾವೆ ಇಲ್ಲದೆ ಹೇಳಿದ ಮಾತುಗಳನ್ನು ನನ್ನದೇ ಶಬ್ದಗಳಲ್ಲಿ ಎತ್ತಿ ತೋರಿಸು" ಎನ್ನಿ. ಬರುವ ಪಟ್ಟಿ ಓದಿದರೆ ನಿಮ್ಮ ಮೂರನೇ ಪ್ಯಾರಾ ಮತ್ತು ಏಳನೇ ಪ್ಯಾರಾ ಒಂದೇ ಮಾತು ಹೇಳುತ್ತಿವೆ ಎಂಬುದು ತಾನಾಗಿ ಬಯಲಾಗುತ್ತದೆ. ಎರಡನೇ ಸುತ್ತಿನಲ್ಲಿ, "ಈ ವಾದವನ್ನು ಒಪ್ಪದ ಪರೀಕ್ಷಕರು ಕೇಳಬಹುದಾದ ಐದು ಕಠಿಣ ಪ್ರಶ್ನೆಗಳನ್ನು ಕೇಳು" ಎನ್ನಿ. ಐದರಲ್ಲಿ ಎರಡು ಜೊಳ್ಳಾದರೂ ಉಳಿದವು ಮೌಖಿಕ ಪರೀಕ್ಷೆಗೆ ಸಿದ್ಧತೆಯಾಗುತ್ತವೆ. "ಹೇಗಿದೆ ನನ್ನ ಪ್ರಬಂಧ?" ಎಂದು ಮಾತ್ರ ಕೇಳಬೇಡಿ. ಹೊಗಳುವುದರಲ್ಲಿ ಇವು ಎತ್ತಿದ ಕೈ.

ಜಾರುಬಂಡೆ ಇರುವುದು ಭಾಷೆ ನಯಗೊಳಿಸುವಾಗ. ಒಂದು ವಾಕ್ಯ ನೋಡಿ:

"ಸಮೀಕ್ಷೆಗೆ ಒಳಪಟ್ಟ 120 ವಿದ್ಯಾರ್ಥಿಗಳಲ್ಲಿ, ಆರು ಗಂಟೆಗಿಂತ ಕಡಿಮೆ ನಿದ್ದೆ ಮಾಡಿದವರ ಅಂಕಗಳು ಸರಾಸರಿಗಿಂತ ಕೆಳಗಿದ್ದವು."

"ಇದನ್ನು ಸೊಗಸಾಗಿ, ಶೈಕ್ಷಣಿಕ ಶೈಲಿಯಲ್ಲಿ ಬರೆ" ಎಂದಾಗ ಸಿಗುವುದು ಹೀಗಿರುತ್ತದೆ:

"ನಿದ್ದೆಯ ಕೊರತೆಯು ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯನ್ನು ಗಣನೀಯವಾಗಿ ಕುಗ್ಗಿಸುತ್ತದೆ."

ಓದಲು ಚೆಂದ. ಆದರೆ 120 ಮಂದಿ ಮಾಯವಾದರು, ಆರು ಗಂಟೆ ಎಂಬ ಗೆರೆ ಅಳಿಸಿಹೋಯಿತು. "ಇದ್ದವು" ಎಂಬ ಭೂತಕಾಲ ಸಾರ್ವಕಾಲಿಕ ಸತ್ಯವಾಯಿತು. ಜೊತೆಗೆ ಕಂಡ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವಾಗಿ ಕೂತಿತು. ಯಾವ ಅಂಕಿಅಂಶ ಪರೀಕ್ಷೆಯನ್ನೂ ಮಾಡದೆ "ಗಣನೀಯವಾಗಿ" ಬೇರೆ ಸೇರಿಕೊಂಡಿತು. ವ್ಯಾಕರಣ ತಿದ್ದಲು ಕೊಟ್ಟ ವಾಕ್ಯ ಸಂಶೋಧನೆಯನ್ನೇ ತಿದ್ದಿಕೊಂಡು ವಾಪಸು ಬಂದಿದೆ. ಇದು ಅಪರೂಪದ ತಪ್ಪಲ್ಲ: 2025ರಲ್ಲಿ ರಾಯಲ್ ಸೊಸೈಟಿ ಓಪನ್ ಸೈನ್ಸ್‌ನಲ್ಲಿ ಬಂದ ಅಧ್ಯಯನ ಹತ್ತು ಎಐ ಮಾದರಿಗಳ 4,900 ಸಾರಾಂಶಗಳನ್ನು ನೋಡಿ, ಮನುಷ್ಯರು ಬರೆದ ಸಾರಾಂಶಗಳಿಗಿಂತ ಇವುಗಳಲ್ಲಿ ಅತಿಸಾಮಾನ್ಯೀಕರಣದ ಸಾಧ್ಯತೆ ಸುಮಾರು ಐದು ಪಟ್ಟು ಎಂದು ಕಂಡುಕೊಂಡಿತು. ನಿಖರವಾಗಿರು ಎಂದು ಒತ್ತಿ ಹೇಳಿದಾಗ ಕಾಯಿಲೆ ಕಡಿಮೆಯಾಗುವ ಬದಲು ಹೆಚ್ಚಾಯಿತಂತೆ.

ಮದ್ದು ಇಷ್ಟು. ಒಂದು ಸಲಕ್ಕೆ ಒಂದೇ ಪ್ಯಾರಾ ಕೊಡಿ. "ವ್ಯಾಕರಣ ಮತ್ತು ಕಾಗುಣಿತ ಮಾತ್ರ. ಸಂಖ್ಯೆ, ಕಾಲ, ಕ್ರಿಯಾಪದ, 'ಇರಬಹುದು', 'ಕಂಡುಬಂತು' ಮುಟ್ಟಬೇಡ. ಬದಲಿಸಿದ್ದನ್ನು ಹಳೆಯದು, ಹೊಸದು ಎಂದು ಪಟ್ಟಿ ಮಾಡು" ಎಂದು ಬರೆಯಿರಿ. ಆ ಪಟ್ಟಿಯನ್ನು ಪೂರ್ತಿ ನಂಬದೆ, ವರ್ಡ್‌ನಲ್ಲಿ ಎರಡು ಪ್ರತಿಗಳನ್ನು ಹೋಲಿಸುವ ಸೌಲಭ್ಯದಿಂದ ನೋಡಿ. ಪಟ್ಟಿಯಲ್ಲಿ ಹೇಳದ ಬದಲಾವಣೆಗಳೂ ಅಲ್ಲಿ ಸಿಕ್ಕಿಬೀಳುತ್ತವೆ. ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಮಾತು: ತಿದ್ದಿದ ಕನ್ನಡ ಹಲವು ಸಲ ಕರ್ಮಣಿ ಪ್ರಯೋಗದ ಗುಡ್ಡೆಯಾಗಿ ಬರುತ್ತದೆ, "ಮಾಡಲಾಗಿದೆ, ನೋಡಲಾಗಿದೆ, ಹೇಳಲ್ಪಟ್ಟಿದೆ" ಎಂದು. ಅಂಥ ವಾಕ್ಯ ಕಂಡರೆ ನಿಮ್ಮ ಮೊದಲಿನದ್ದೇ ಮೇಲು.

ದತ್ತಾಂಶ ವಿಶ್ಲೇಷಣೆಗೆ ಬಂದರೆ, ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಸಿಕೊಳ್ಳಿ, ಉತ್ತರ ಕೇಳಬೇಡಿ. ಕೋಡನ್ನು ನೀವೇ ಓಡಿಸಿ, ಕೈಯಲ್ಲಿ ಲೆಕ್ಕ ಮಾಡಬಹುದಾದ ಹತ್ತು ಸಾಲಿನ ಸಣ್ಣ ದತ್ತಾಂಶದ ಮೇಲೆ ಮೊದಲು ಪರೀಕ್ಷಿಸಿ, ಖಾಲಿ ಬಿಟ್ಟ ಉತ್ತರಗಳನ್ನು ಅದು ಸೊನ್ನೆ ಎಂದು ಎಣಿಸುತ್ತಿದೆಯೇ ನೋಡಿ. ಸಂದರ್ಶನದ ಧ್ವನಿಮುದ್ರಿಕೆ, ಹೆಸರಿರುವ ಪ್ರಶ್ನಾವಳಿ, ರೋಗಿಗಳ ವಿವರ ಇವನ್ನು ಚಾಟ್‌ಬಾಟಿಗೆ ಏರಿಸಲೇಬಾರದು. ಮಾತಾಡಿದವರು ಸಮ್ಮತಿ ಕೊಟ್ಟದ್ದು ನಿಮಗೆ, ಮೂರನೆಯ ಕಂಪನಿಗಲ್ಲ. ಚಾಟ್‌ಜಿಪಿಟಿಯ ಡೇಟಾ ನಿಯಂತ್ರಣದಲ್ಲಿ ನಿಮ್ಮ ಮಾತುಕತೆಯನ್ನು ಮಾದರಿಯ ತರಬೇತಿಗೆ ಬಳಸದಂತೆ ಆಫ್ ಮಾಡಬಹುದು, ಮಾಡಿಡಿ. ಆದರೆ ತರಬೇತಿಗೆ ಬಳಸದಿದ್ದರೂ ದತ್ತಾಂಶ ಅವರ ಸರ್ವರಿಗೆ ಹೋಗಿಯೇ ಹೋಗುತ್ತದೆ.

ಪತ್ತೆ ತಂತ್ರಾಂಶಗಳು: ಫೇಲು

"ಸಲ್ಲಿಸುವ ಮುನ್ನ ಎಐ ಶೇಕಡಾವಾರು ನೋಡಿಕೊಳ್ಳಿ" ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಸಮಯ ವ್ಯರ್ಥ. ಓಪನ್‌ಎಐ ತಾನೇ 2023ರ ಜನವರಿಯಲ್ಲಿ ತಂದ ಪತ್ತೆ ಸಾಧನ ಎಐ ಬರಹದಲ್ಲಿ ಶೇ 26ರಷ್ಟನ್ನು ಮಾತ್ರ ಗುರುತಿಸುತ್ತಿತ್ತು, ಮನುಷ್ಯರ ಬರಹದಲ್ಲಿ ಶೇ 9ರಷ್ಟನ್ನು ಎಐ ಎನ್ನುತ್ತಿತ್ತು. ನಿಖರತೆ ಸಾಲದೆಂದು ಅದೇ ಜುಲೈನಲ್ಲಿ ಮುಚ್ಚಿದರು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಕೊಟ್ಟರು. ಸರಾಸರಿ ಶೇ 61ರಷ್ಟನ್ನು ಎಐ ಬರೆದದ್ದೆಂದು ಅವು ತಪ್ಪಾಗಿ ಹೇಳಿದವು. ಕಾರಣ ಸರಳ. ಸೀಮಿತ ಪದಸಂಪತ್ತು, ಊಹಿಸಬಹುದಾದ ವಾಕ್ಯರಚನೆ ಕಂಡರೆ ಇವು ಯಂತ್ರ ಎನ್ನುತ್ತವೆ. ಆ ಪ್ರಬಂಧಗಳ ಪದಗಳನ್ನು ಚಾಟ್‌ಜಿಪಿಟಿಯಿಂದಲೇ "ಶ್ರೀಮಂತ"ಗೊಳಿಸಿದಾಗ ತಪ್ಪು ಆರೋಪ ಬಹಳ ಇಳಿಯಿತು. ಅಂದರೆ ಯಂತ್ರ ಬಳಸಿದವರಿಗೆ ಬಿಡುಗಡೆ, ಬಳಸದವರಿಗೆ ಶಿಕ್ಷೆ. ಕಾಲೇಜುಗಳು ಕೃತಿಚೌರ್ಯ ಪರೀಕ್ಷೆಗೆ ಬಳಸುವ ಟರ್ನಿಟಿನ್ ಕೂಡ ಶೇ 20ಕ್ಕಿಂತ ಕೆಳಗಿನ ಫಲಿತಾಂಶಕ್ಕೆ ಅಂಕಿಯ ಬದಲು ನಕ್ಷತ್ರ ಚಿಹ್ನೆ ಹಾಕುತ್ತದೆ, ಅಲ್ಲಿ ತಪ್ಪು ಆರೋಪದ ಸಾಧ್ಯತೆ ಹೆಚ್ಚೆಂದು.

ಎಐ ಬರಹವನ್ನು ಮನುಷ್ಯರ ಬರಹದಂತೆ ಮಾಡಿಕೊಡುತ್ತೇವೆ ಎನ್ನುವ "ಹ್ಯೂಮನೈಸರ್"ಗಳು ಈ ಪಟ್ಟಿಯಲ್ಲೇ ಕಡೆಯ ದರ್ಜೆಯವು. ಪಾರಿಭಾಷಿಕ ಪದಗಳ ಜಾಗಕ್ಕೆ ಸಮಾನಾರ್ಥಕ ತುರುಕಿ ಅರ್ಥ ಕೆಡಿಸುತ್ತವೆ. ಬಳಸಿದ್ದು ಗೊತ್ತಾದರೆ ಮುಚ್ಚಿಡುವ ಉದ್ದೇಶವಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ನಿಜವಾದ ರಕ್ಷಣೆ ಬೇರೆ ಇದೆ. ಗೂಗಲ್ ಡಾಕ್ಸ್‌ನಲ್ಲಿ ಮೊದಲ ದಿನದಿಂದ ಬರೆದರೆ ಆವೃತ್ತಿ ಇತಿಹಾಸ ತಾನಾಗಿ ಉಳಿಯುತ್ತದೆ. ಕೈಬರಹದ ಟಿಪ್ಪಣಿ, ಗೆರೆ ಎಳೆದ ಪಿಡಿಎಫ್, ಝೋಟೆರೊದಲ್ಲಿ ಆಕರ ಸೇರಿಸಿದ ದಿನಾಂಕಗಳು, ಇವೆಲ್ಲ ಪ್ರಬಂಧ ಬೆಳೆದ ಬಗೆಯನ್ನು ತೋರಿಸುತ್ತವೆ. ಒಂದೇ ಏಟಿಗೆ ಎರಡು ಸಾವಿರ ಪದ ಅಂಟಿಸಿದ ಕಡತಕ್ಕೆ ಈ ಬಲ ಇಲ್ಲ.

ಘೋಷಣೆ ಹೇಗಿರಬೇಕು

ಮೊದಲು ನೋಡಬೇಕಾದ್ದು ಆ ಕೋರ್ಸಿನ ನಿಯಮ. ಒಂದೇ ವಿಭಾಗದಲ್ಲಿ ಒಬ್ಬ ಅಧ್ಯಾಪಕರು ಭಾಷಾ ತಿದ್ದುಪಡಿಗೆ ಒಪ್ಪಬಹುದು, ಇನ್ನೊಬ್ಬರು ಪೂರ್ತಿ ಬೇಡ ಎನ್ನಬಹುದು. ಬೇಡ ಎಂದಿದ್ದರೆ ಘೋಷಿಸಿ ಬಳಸುವುದೂ ಉಲ್ಲಂಘನೆಯೇ. ಮೇಲಿನ ಹಂತದಲ್ಲಿ ಮಾತ್ರ ಒಮ್ಮತವಿದೆ: ಎಐಯನ್ನು ಲೇಖಕರೆಂದು ಹೆಸರಿಸಬಾರದು ಎಂದು ಪ್ರಕಟಣಾ ನೈತಿಕತೆಯ ಸಂಸ್ಥೆ ಕೋಪ್ 2023ರಲ್ಲೇ ಹೇಳಿದೆ, ವಿಜ್ಞಾನ ಪತ್ರಿಕೆ ನೇಚರ್ ಕೂಡ. ಬರೆದದ್ದಕ್ಕೆ ಉತ್ತರ ಹೇಳಬೇಕಾದವರು ಲೇಖಕರು, ತಂತ್ರಾಂಶಕ್ಕೆ ಆ ಹೊಣೆ ಹೊರಲು ಬರುವುದಿಲ್ಲ.

"ಈ ಪ್ರಬಂಧಕ್ಕೆ ಎಐ ಸಹಾಯ ಪಡೆಯಲಾಗಿದೆ" ಎಂಬ ಒಂಟಿ ಸಾಲು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸೇವೆಯ ಹೆಸರು, ಆವೃತ್ತಿ, ಬಳಸಿದ ತಿಂಗಳು, ಯಾವ ಭಾಗಕ್ಕೆ, ಯಾವ ಕೆಲಸಕ್ಕೆ, ಯಾವುದಕ್ಕೆ ಬಳಸಿಲ್ಲ, ಹೇಗೆ ಪರಿಶೀಲಿಸಿದಿರಿ ಎಲ್ಲ ಇರಬೇಕು. ಉದಾಹರಣೆಗೆ: "ಎರಡನೇ ಕರಡಿನ ವ್ಯಾಕರಣ ತಿದ್ದಲು ಮತ್ತು ನಾಲ್ಕನೇ ಅಧ್ಯಾಯಕ್ಕೆ ಬರಬಹುದಾದ ಆಕ್ಷೇಪಗಳನ್ನು ಪಟ್ಟಿ ಮಾಡಲು ಚಾಟ್‌ಜಿಪಿಟಿ ಬಳಸಿದ್ದೇನೆ. ಆಕರಗಳ ಆಯ್ಕೆ, ವಿಶ್ಲೇಷಣೆ, ತೀರ್ಮಾನಗಳಿಗೆ ಬಳಸಿಲ್ಲ. ತಿದ್ದಿದ ಪ್ರತಿ ವಾಕ್ಯವನ್ನು ಮೂಲ ಕರಡಿನೊಂದಿಗೆ ಹೋಲಿಸಿದ್ದೇನೆ." ಇದಕ್ಕೆ ಆವೃತ್ತಿ ಮತ್ತು ತಿಂಗಳು ಸೇರಿಸಿದರೆ ಆಯಿತು. ಎಲ್ಸೆವಿಯರ್ ಎಂಬ ಪ್ರಕಾಶನ ಸಂಸ್ಥೆಯ ನಿಯತಕಾಲಿಕಗಳು ಇಂಥ ಘೋಷಣೆಯನ್ನು ಆಕರಸೂಚಿಗೆ ಸ್ವಲ್ಪ ಮೇಲೆ ಕೇಳುತ್ತಿದ್ದವು. ಕಾಲೇಜು ಪ್ರಬಂಧಕ್ಕೂ ಆ ಜಾಗ ಹೊಂದುತ್ತದೆ. ಚಾಟ್‌ಬಾಟಿನ ಮಾತನ್ನೇ ಉದ್ಧರಿಸಿದ್ದರೆ ಅದು ಬೇರೆ ವಿಷಯ. ಉಲ್ಲೇಖ ಬರೆಯುವ ಎರಡು ಪ್ರಚಲಿತ ಪದ್ಧತಿಗಳಲ್ಲಿ, ಎಪಿಎ ಶೈಲಿಯಲ್ಲಿ ಕಂಪನಿಯ ಹೆಸರು ಲೇಖಕರ ಜಾಗಕ್ಕೆ ಬರುತ್ತದೆ, ಎಂಎಲ್‌ಎ ಶೈಲಿಯಲ್ಲಿ ಲೇಖಕರ ಜಾಗ ಖಾಲಿ ಬಿಟ್ಟು ಪ್ರಾಂಪ್ಟಿನ (ನೀವು ಚಾಟ್‌ಬಾಟಿಗೆ ಕೊಟ್ಟ ಸೂಚನೆಯ) ವಿವರಣೆಯಿಂದ ಶುರು ಮಾಡುತ್ತಾರೆ. ವಿಷಯದ ಬಗೆಗಿನ ಸಂಗತಿಗೆ ಆಧಾರವಾಗಿ ಚಾಟ್‌ಬಾಟನ್ನು ಉಲ್ಲೇಖಿಸುವುದಂತೂ ಬೇಡ. ಆ ಸಂಗತಿಯ ಮೂಲ ಹುಡುಕಿ ಅದನ್ನೇ ಕೊಡಿ.

ಸಲ್ಲಿಸುವ ಮುನ್ನ ಕಡತದಲ್ಲಿ "ಖಂಡಿತ, ಇಲ್ಲಿದೆ" ಎಂಬಂಥ ಸಾಲುಗಳನ್ನು ಹುಡುಕಿ ನೋಡಿ. ನಗಬೇಡಿ: 2024ರಲ್ಲಿ ಸರ್ಫೇಸಸ್ ಅಂಡ್ ಇಂಟರ್‌ಫೇಸಸ್ ನಿಯತಕಾಲಿಕದ ಲೇಖನವೊಂದರ ಪೀಠಿಕೆ ಶುರುವಾದದ್ದೇ "ಖಂಡಿತ, ನಿಮ್ಮ ವಿಷಯಕ್ಕೆ ಸಂಭಾವ್ಯ ಪೀಠಿಕೆ ಇಲ್ಲಿದೆ" ಎಂಬರ್ಥದ ಇಂಗ್ಲಿಷ್ ವಾಕ್ಯದಿಂದ. ಲೇಖಕರು, ವಿಮರ್ಶಕರು, ಸಂಪಾದಕರು, ಕರಡು ತಿದ್ದುವವರು, ಯಾರ ಕಣ್ಣಿಗೂ ಅದು ಬೀಳಲಿಲ್ಲ. ಸಲ್ಲಿಸಿದ ಮೇಲೆ ಚಾಟ್‌ಗಳನ್ನು ಅಳಿಸಲು ಅವಸರ ಬೇಡ. ಪ್ರತಿಯೊಂದರ ಹಂಚಿಕೆ ಕೊಂಡಿ ಅಥವಾ ಪಿಡಿಎಫ್ ತೆಗೆದು, ಕರಡುಗಳ ಜೊತೆ ಒಂದೇ ಫೋಲ್ಡರಿನಲ್ಲಿ ದಿನಾಂಕ ಹಾಕಿಡಿ. ಕನಿಷ್ಠ ಅಂತಿಮ ಅಂಕ ಬರುವ ತನಕ ಅದು ಅಲ್ಲೇ ಇರಲಿ.